ಕಾರಣ

ದಪ್ಪ ರಟ್ಟಿನ ಹಾಜರಿ ಪುಸ್ತಕದಲ್ಲಿ
ಹೆಸರಿಗೆ ಮೂರು ಬೆರಳಗಲ ಜಾಗ,
ಗಂಟೆಗೆ ಒಂದು ಬೆರಳು,
ಕಾರಣಕ್ಕೆ ಅರ್ಧ.
ಕಾವೂರಿನ ಗೇರುಬೀಜದ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷದಿಂದ ಆ ಅರ್ಧ ಬೆರಳಿನೊಳಗೆ
ಬರೆಯುವವನು ನಾನು.

ಎಂಟಕ್ಕೆ ಗೇಟು.
ವಾರಿಜ ಬಂದದ್ದು ಎಂಟೂ ಇಪ್ಪತ್ತಕ್ಕೆ.
ಸೆರಗಿನಲ್ಲಿ ಇನ್ನೂ ವಾರ್ಡಿನ ಫಿನಾಯಿಲು.
"ಎಂತ ಹೇಳುದು ರೈಟರೇ,
ರಾತ್ರಿ ಮಗನಿಗೆ ಫಿಟ್ಸು, ಎರಡು ಸಲ.
ವೆನ್ಲಾಕಿನ ಬೆಂಚಿನಲ್ಲೇ ಬೆಳಗಾಯ್ತು.
ಅವನನ್ನು ನೋಡ್ಕೊಳ್ತಿದ್ದ ಸೆಲಿನ್ ಬಾಯಿಗೆ
ಕಣ್ಣಿನ ಆಪರೇಶನ್.
ಇವರು ಮಲ್ಪೆಯಲ್ಲಿ, ಬೋಟು ಬಂದರೆ ಬಂದ್ರು.
ಇವತ್ತು ನಳ್ಳಿ ನೀರಿನ ದಿನ ಬೇರೆ,
ಬಿಟ್ಟರೆ ಇನ್ನು ನಾಡಿದ್ದು."

ನಾನು ಕಾಲಮ್ಮು ನೋಡಿದೆ.
ಬರೆದೆ: ಬಸ್ಸು ತಪ್ಪಿತು.

ಹಿಡಿಯಿತು, ಅಳತೆ ತೆಗೆದು ಹೊಲಿಸಿದ ಹಾಗೆ.
ಆಮೇಲೆ ಅದೇ ರೂಢಿಯಾಯಿತು.
ಮಾತ್ರೆ ಮುಗಿದ ದಿನ ಬಸ್ಸು ತಪ್ಪಿತು,
ಬಾಡಿಗೆಯವ ಬಾಗಿಲಲ್ಲಿ ನಿಂತ ದಿನ ಬಸ್ಸು ತಪ್ಪಿತು,
ಶಾಲೆಯಿಂದ ಕರೆದು
"ಇವನನ್ನು ಇಲ್ಲಿ ಕೂರಿಸಲಿಕ್ಕಾಗುದಿಲ್ಲ" ಎಂದ ದಿನವೂ.
ಒಂದು ನಿಮಿಷ ಮೊದಲೇ ಬಂದು
ಹಾರನ್ನು ಹಾಕಿ ಹಾಕಿ ಕಾಯುತ್ತಿದ್ದ
ಆ ಬಡಪಾಯಿ ಬಸ್ಸಿನ ಮೇಲೆ
ನಾನು ಎಷ್ಟು ಸುಳ್ಳು ಹೊರಿಸಿದೆ!

ಕೈ ಮಾತ್ರ ಸುಳ್ಳು ಹೇಳುವುದಿಲ್ಲ.
ಸಿಪ್ಪೆ ತೆಗೆಯುವ ಮೇಜಿನಲ್ಲಿ
ಇಡೀ ಬೀಜಕ್ಕೆ ಹೆಸರಾದವಳು ಅವಳು.
ಕಿವಿ ಹೊರಗಿನ ಫೋನಿಗೆ ನೆಟ್ಟಂದಿನಿಂದ
ಚೂರಿಯ ತುದಿಯಲ್ಲಿ ಬೀಜ ಹೋಳಾಗತೊಡಗಿತು.
ಸಂಜೆ ತಕ್ಕಡಿಯಲ್ಲಿ
ಇಡಿಯ ಬುಟ್ಟಿ ಮೇಲೆ, ತುಂಡಿನದ್ದು ಕೆಳಗೆ.
ಅವಳ ರಾತ್ರಿಗಳನ್ನು
ನಾನು ಗ್ರಾಮಿನಲ್ಲಿ ತೂಗುತ್ತಿದ್ದೆ.

ಮಾರ್ಚಿನಲ್ಲಿ ಮೇನೇಜರು ಪುಸ್ತಕ ತರಿಸಿ
ಬೆರಳಿಟ್ಟು ಎಣಿಸಿದರು.
"ಹತ್ತೊಂಬತ್ತು ಸಲ ಬಸ್ಸು ತಪ್ಪಿಸಿಕೊಳ್ಳುವವಳು
ಎಂಥ ಹೆಂಗಸು ಮಾರಾಯ್ರೆ?
ಬೇರೆಯವರಿಗೆ ಸಿಗುವ ಬಸ್ಸು ಇವಳಿಗೇಕಿಲ್ಲ?"
ಅಕ್ಷರ ನನ್ನದು. ಉರುಟು ಉರುಟಾಗಿ,
ಯಾರಾದರೂ ಓದಬಹುದಾದಷ್ಟು ಚಂದಕ್ಕೆ.
ಹೇಳಬೇಕಿತ್ತು.
ಕೆಮ್ಮು ಬಂತು. ನೀರು ಕುಡಿದೆ.

ಲೆಕ್ಕ ಚುಕ್ತಾ ಮಾಡಿ ಹೊರಟಾಗ
ಕಪ್ಪು ಹತ್ತಿದ ಬೆರಳುಗಳಲ್ಲಿ ನೋಟು ಮಡಚಿ
ಅವಳು ನನ್ನನ್ನೇ ಸಮಾಧಾನ ಮಾಡಿದಳು:
"ನೀವು ನನ್ನ ಮರ್ಯಾದೆ ಕಾಪಾಡಿದ್ರಿ,
ಮನೆಯದ್ದೆಲ್ಲ ಬರೀಲಿಲ್ಲ."

ಆ ಮೇಜಿಗೆ ಈಗ ಹೊಸ ಹುಡುಗಿ, ಪ್ರಫುಲ್ಲ.
ಇವತ್ತು ಎಂಟೂ ಹದಿನೈದು. ಕಣ್ಣು ಊದಿತ್ತು.
ನಾನು ಪೆನ್ನು ಕೆಳಗಿಟ್ಟು,
"ಎಂತಾಯ್ತು ಹೇಳಮ್ಮ" ಎಂದೆ,
"ಉದ್ದ ಇದ್ದರೂ ಅಡ್ಡಿಯಿಲ್ಲ."
ಅವಳು ಪುಸ್ತಕದ ಮೇಲೆ ಬಗ್ಗಿ
ಆ ಸಪೂರ ಮನೆಯನ್ನೊಮ್ಮೆ ನೋಡಿದಳು.

"ಬಸ್ಸು ತಪ್ಪಿತು ಸರ್."