ಜ್ವಾಲೆಯಲ್ಲೊಂದು ತೂತು

ಡೇಟನ್, ಓಹಾಯೋ. ಫೆಬ್ರುವರಿ.
ಕಿಟಕಿಯಿಲ್ಲದ ಈ ನೆಲಮಾಳಿಗೆಯಲ್ಲಿ ಹಗಲಿಗೆ ಕೆಲಸವಿಲ್ಲ.
ವರ್ಲಿನ್ ಕವಾಟ ತಿರುವುತ್ತಾನೆ, ಅರ್ಧ ಸುತ್ತು.
ಮೂವತ್ತು ವರ್ಷ ಬೆಸುಗೆ ಹಾಕಿದ ಕೈ,
ಮೀಟರಿಗಿಂತ ಮೊದಲು ಅದಕ್ಕೇ ತಿಳಿಯುತ್ತದೆ ಒತ್ತಡ.

ವಿಮಾನದ ಇಂಧನ ಎಂದು ಡ್ರಮ್ಮಿನ ಮೇಲೆ ಬರೆದಿದೆ.
ಮುಚ್ಚಳ ತೆಗೆದರೆ ಸೀಮೆಎಣ್ಣೆ, ಅಷ್ಟೇ.
ಸೊಸೈಟಿ ಅಂಗಡಿಯ ಸಾಲು, ತಗಡಿನ ಲಾಳಿಕೆ, ಚಿಮಣಿಯ ಮಸಿ.
ಸೀಮೆಗೇ ಬಂದು ನಿಂತರೂ
ನನ್ನ ಮೂಗು ಅದಕ್ಕೆ ಬೇರೆ ಹೆಸರಿಡಲೊಲ್ಲದು.

ಬರ್ನರ್ ಹೊತ್ತಿತು. ಗರ್ಜನೆ.
ಕಣ್ಣಿಗೆ ಒಂದೇ ಜ್ವಾಲೆ, ನೀಲಿ ಬುಡ, ಹಳದಿ ತಲೆ,
ಮೈಮೇಲೆ ಬಂದವಳ ಹಾಗೆ ತೂಗುತ್ತ.
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಲೇಸರಿನ ಹಾಳೆ
ಅದನ್ನು ಸೀಳುತ್ತದೆ, ಸೆಕೆಂಡಿಗೆ ಹತ್ತು ಸಾವಿರ ಸಲ.
ಒಂದೊಂದು ಹೋಳಿನಲ್ಲೂ ಬೇರೆಯೇ ಬೆಂಕಿ:
ಹರಿದದ್ದು, ಮಡಿಚಿದ್ದು, ತನ್ನನ್ನೇ ನುಂಗಿದ್ದು,
ನಡುವೆ ಕಪ್ಪು ತೂತು.
ಅಲ್ಲಿ ಗಾಳಿ ಎಷ್ಟು ಜಗ್ಗಿತೆಂದರೆ
ಉರಿಯಲು ಪುರುಸೊತ್ತೇ ಸಿಗಲಿಲ್ಲ.

ವರದಿಯಲ್ಲಿ ಅದಕ್ಕೆ 'ಆರಿತು' ಎಂದು ಬರೆಯಬೇಕು.
ಪ್ರತಿ ಸಲ ಕೈ ತಡೆಯುತ್ತದೆ.
ನಮ್ಮನೆಯಲ್ಲಿ ದೀಪ ಆರಿತು ಅನ್ನುವುದಿಲ್ಲ,
ದೊಡ್ಡದಾಯಿತು ಅನ್ನುತ್ತಿದ್ದರು,
ಅಂತ ಒಮ್ಮೆ ವರ್ಲಿನ್‌ಗೆ ಹೇಳಿದ್ದೆ.
"ದೊಡ್ಡದಾಗಿ ಎಲ್ಲಿಗೆ ಹೋಗುತ್ತದೆ?" ಅಂದ.
ಯಾರನ್ನೂ ಕೇಳಿರಲಿಲ್ಲ ನಾನು.

ಮೇಲಿನ ಮಹಡಿಯಲ್ಲಿ ಲೂಸಿಂಡಾಳ ಲೆಕ್ಕ.
ಎರಡು ಸಾವಿರ ಕ್ರಿಯೆಗಳನ್ನು ಇನ್ನೂರಕ್ಕೆ ಇಳಿಸಿದ್ದಾಳೆ,
ಕಷಾಯ ಬತ್ತಿಸಿದಂತೆ.
ಏನು ಆವಿಯಾಗಿ ಹೋಯಿತೋ ಅದೇ ಈಗ ನಮ್ಮ ಜಗಳ.
ಅವಳ ಜ್ವಾಲೆ ಹರಿದರೆ ಹರಿಯಿತು,
ಬುಡದವರೆಗೂ ಸಾಯುತ್ತದೆ, ಅಚ್ಚುಕಟ್ಟಾಗಿ.
ನನ್ನದು ಹಾಗಲ್ಲ.
ನಲವತ್ತೇಳನೆಯ ಓಟ, ಹನ್ನೆರಡನೆಯ ಚಿತ್ರದಲ್ಲಿ ತೂತು.
ಹದಿಮೂರರಲ್ಲಿ ತೂತು. ಹದಿನಾಲ್ಕು, ಹದಿನೈದು, ತೂತೇ.
ಇಪ್ಪತ್ತೊಂದರಲ್ಲಿ ಅಂಚಿಗೆ ಅಂಚು ತಾಗಿದೆ,
ಪಕ್ಕದ ಮನೆಯ ಕೆಂಡ ತಂದು
ಒಲೆ ಹಚ್ಚಿಕೊಂಡ ಹಾಗೆ.

ಲೂಸಿಂಡಾ ಇಳಿದು ಬಂದು ನೋಡಿದಳು, ಕೋಟು ತೆಗೆಯದೆ.
"ನಿನ್ನ ಕ್ಯಾಮೆರಾ ಸುಳ್ಳು ಹೇಳುತ್ತಿಲ್ಲ ತಾನೆ?"
ನ್ಯಾಯವಾದ ಪ್ರಶ್ನೆ.
ಹಾಳೆಯ ಆಚೆಯಿಂದ ಇನ್ನೊಂದು ನಾಲಗೆ
ಇಣುಕಿರಬಹುದು, ನಾನದನ್ನೇ ಮರುಹುಟ್ಟು ಅಂದುಕೊಂಡಿರಬಹುದು.
ನೋಡಿದ್ದು ಹೋಳು. ಬೆಂಕಿ ಹೋಳಲ್ಲ.

ಹಾಗಾಗಿ ನಾಳೆ ಎರಡನೆಯ ಹಾಳೆ,
ಮೊದಲನೆಯದಕ್ಕೆ ಅಡ್ಡಲಾಗಿ.
ವರ್ಲಿನ್ ಈಗಲೇ ಕಂಬಿ ಅಳೆಯುತ್ತಿದ್ದಾನೆ,
ಇಂಚಿನಲ್ಲಿ, ಗೊಣಗುತ್ತ.
ಆಮೇಲೆ ಕವಾಟದ ಮೇಲೆ ಕೈಯಿಟ್ಟು, ನನ್ನತ್ತ ತಿರುಗಿ,
ನಾನು ಕಲಿಸಿದ್ದ ಎರಡೇ ಪದಗಳನ್ನು
ಗರ್ಜನೆಯ ಮೇಲೆ ಕೂಗುತ್ತಾನೆ:
"ದೊಡ್ಡಾದು ಮಾಡ್ಲಾ?"

ಹೂಂ ಅಂದೆ.
ಬರ್ನರ್ ತಣಿಯಲು ಇನ್ನು ಇಪ್ಪತ್ತು ನಿಮಿಷ ಬೇಕು.