ಚೆಕ್ಕುಬಂದಿ

ಕೊರಿಯರ್ ಪೊಟ್ಟಣದಲ್ಲಿ ಬಂದಿತ್ತು ಕಿಟ್ಟು:
ಎರಡು ಹಿತ್ತಾಳೆ ಕೊಳವೆ, ಒಂದು ನಿಬ್ಬು,
ಕ್ಲಿಪ್ಪು, ನಡುಪಟ್ಟಿ, ತುದಿಗೊಂದು ಗುಂಡಿ.
ಎಲ್ಲಕ್ಕೂ ಬಾಡಿಗೆ ಒಡವೆಯಂಥ ಚಿನ್ನದ ಬಣ್ಣ.
ಇಲಿಯಾಸ್ ಸಾಬರು ಕನ್ನಡಕ ಹಣೆಗೇರಿಸಿ ನೋಡಿ
'ಇದು ಬರೆಯೋ ಪೆನ್ನಾ, ಜೇಬಿಗೆ ಸಿಗಿಸೋ ಪೆನ್ನಾ?' ಎಂದರು.

ನಲವತ್ತು ವರ್ಷ ಅವರು ತಾಲ್ಲೂಕು ಕಚೇರಿ ಎದುರಿನ
ಹೊಂಗೆಯ ನೆರಳಲ್ಲಿ ಕ್ರಯಪತ್ರ ಬರೆದವರು.
ತೋರುಬೆರಳು ಬಾಗಿ ಹಾಗೇ ನಿಂತಿದೆ,
ನೆಟ್ಟಗಾಗು ಎಂದರೆ ಹೆಬ್ಬೆರಳಿಗೂ ಸಿಟ್ಟು.
ಕಿಟ್ಟಿನ ಹಿಡಿ ಆ ಕೈಗೆ ಕಡ್ಡಿ.
ಬೆರಳ ಸಂದಿಗೆ ಚಪಾತಿ ಹಿಟ್ಟಿನ ಉಂಡೆ ಒತ್ತಿ
ಅಚ್ಚು ತೆಗೆದೆ. ವರ್ನಿಯರ್ ಇಟ್ಟರೆ
ಹದಿಮೂರೂವರೆ ಮಿಲಿಮೀಟರು, ಒಂದು ಮಗ್ಗುಲಿಗೆ ತುಸು ತಗ್ಗು.

ಪೆನ್ಷನ್ ಮೊಹಲ್ಲಾದ ನಮ್ಮ ಮೆಟ್ಟಿಲ ಕೆಳಗೆ
ಮೊದಲು ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ ನನ್ನ ಲೇತು.
ಚಿಕ್ಕದು. ತೊಟ್ಟಿಲಿಗಿಂತ ಗಿಡ್ಡ.
ಐಟಿಐಯ ಟರ್ನರ್ ತರಗತಿಗೆ ನಾನೊಬ್ಬಳೇ ಹುಡುಗಿ.
ಮೇಷ್ಟ್ರು ಮೊದಲ ದಿನ ಹೇಳಿದ್ದು ಇಷ್ಟೇ:
'ಜಡೆ ಕಟ್ಟು, ಬಳೆ ಬಿಚ್ಚು, ಆಮೇಲೆ ಸ್ವಿಚ್ಚು.'
ಇವತ್ತಿಗೂ ಬಳೆ ಮೊಳೆಗೆ ಸಿಗಿಸಿಯೇ ನಿಲ್ಲುತ್ತೇನೆ.

ಹಿಡಿಗೆ ಹಿತ್ತಾಳೆ ಸಿಕ್ಕಿದ್ದು ಕಟ್ಟಿನಕೆರೆಯ ಗುಜರಿಯಲ್ಲಿ,
ಯಾವುದೋ ವಾಲ್ವಿನ ದಂಡ, ಕೆಜಿ ಲೆಕ್ಕ.
ಉಳಿ ತಾಗಿದ್ದೇ ತಡ ಸೂಜಿ ಸೂಜಿಯಾಗಿ ಸಿಡಿಯಿತು;
ಒಂದು ರವಿಕೆಯೊಳಗೆ ಇಳಿದು ಮಲಗುವವರೆಗೂ ಚುಚ್ಚಿತು.
ತಗ್ಗನ್ನು ಅರದಲ್ಲಿ ಉಜ್ಜಿದೆ.
ಎಳೆ ಹಾಕುವಾಗ ಟ್ಯಾಪು ಮುರಿಯಿತು.
ಇನ್ನೊಂದು ಬರಲು ಹತ್ತು ದಿನ.
ಹಳೇಬೀಡಿನ ಕಂಬಗಳನ್ನೂ ಹೀಗೇ ತಿರುಗಿಸಿ ಕಡೆದರಂತೆ,
ಗೈಡು ಹೇಳುತ್ತಾನೆ. ಮುರಿದ ಉಳಿಗಳನ್ನು
ಎಲ್ಲಿ ಎಸೆದರು ಅಂತ ಅವನು ಹೇಳುವುದಿಲ್ಲ.
ಕಾಯುವ ಹೊತ್ತಿಗೆ ಆ ಚಿನ್ನದ ನಡುಪಟ್ಟಿಯನ್ನು
ಚಕ್ಕಿಗೆ ಕಚ್ಚಿಸಿ ಕೂದಲೆಳೆಯಷ್ಟು ಸವರಿದೆ:
ಪಾತ್ರೆಯಂಗಡಿಯ ಪಾಪದ ಹಿತ್ತಾಳೆ
ನಾಚಿಕೊಂಡು ಹೊರಗೆ ಬಂತು.

ಮರ ಅವರದೇ. ಇಳಿಜಾರು ಡೆಸ್ಕಿನ ಹಲಸಿನ ಅಂಚು,
ಶಾಯಿಗೈ ಒರಸಿ ಒರಸಿ ನೀಲಿಗಟ್ಟಿದ್ದು.
'ಕಲೆ ಹೋಗಬಾರದು ಕಣಮ್ಮಾ.'
ಕಲೆ ಮೈಮೇಲೆ ಮಾತ್ರ ಸಾಬರೇ, ಒಳಗೆ ಇಳಿದಿಲ್ಲ;
ಉರುಟು ಮಾಡುವುದೆಂದರೆ ಮೈ ತೆಗೆಯುವುದೇ.
ಎರಡು ರಾತ್ರಿ ಯೋಚಿಸಿ
ನಡು ತಪ್ಪಿಸಿ ಕೊರೆದೆ, ಕಲೆಯ ಕಡೆಗೆ ಒತ್ತಿ.
ಮೇಷ್ಟ್ರು ಕಂಡಿದ್ದರೆ ಕಿವಿ ಹಿಂಡುತ್ತಿದ್ದರು.
ಮರ ಕುಂಟುತ್ತ ತಿರುಗಿತು, ಲೇತು ಗೊಣಗಿತು,
ಮೇಲಿಂದ ಅತ್ತೆ: 'ಏನೇ ಅದು ಸದ್ದು!'
ಉಳಿ ಮೂರು ಮಗ್ಗುಲು ತಿಂದು ತಿಂದು
ನಾಲ್ಕನೆಯದರ ಹತ್ತಿರ ಬಂತು. ನಿಲ್ಲಿಸಿದೆ.
ಪೊರಕೆಕಡ್ಡಿ ಅಗಲದ ಹಳೇ ಮೈ ಉಳಿದಿತ್ತು, ನೀಲಿ,
ಹಲಸಿನ ಹಳದಿಯ ನಡುವೆ
ಎರಡು ಗದ್ದೆಗೆ ಬಿಟ್ಟ ಬದುವಿನ ಹಾಗೆ.

ಶುಕ್ರವಾರ ನಮಾಜು ಮುಗಿಸಿ ಬಂದರು.
ತಮ್ಮ ಹೆಸರು ಬರೆದು ನೋಡುತ್ತಾರೆಂದುಕೊಂಡೆ. ಇಲ್ಲ.
ಕರೆಂಟು ಬಿಲ್ಲಿನ ಹಿಂದೆ, ಆ ಕ್ರಯಪತ್ರದ ಅಕ್ಷರದಲ್ಲಿ:
'ಸದರಿ ಲೇತಿನ ಜಾಗಕ್ಕೆ ಚೆಕ್ಕುಬಂದಿ.
ಪೂರ್ವಕ್ಕೆ ನೀರಿನ ತೊಟ್ಟಿ,
ಪಶ್ಚಿಮಕ್ಕೆ ಜಬೀನಾರವರ ಗೋರಂಟಿ ಗಿಡ,
ಉತ್ತರಕ್ಕೆ ಮೋರಿ ಮತ್ತು ಓಣಿ,
ದಕ್ಷಿಣಕ್ಕೆ'

ಅಲ್ಲಿಗೆ ಶಾಯಿ ನಿಂತಿತು.
ಕೊಡವಿದರು. ಬಾಗಿದ ಬೆರಳು ತಗ್ಗಿನಲ್ಲಿ
ಹಾಯಾಗಿಯೇ ಕೂತಿತ್ತು, ಕಾಗದಕ್ಕೆ ಬರೀ ಗೀರು.
ಫೀಡು ಸರಿಯಿಲ್ಲ, ಬಿಟ್ಟು ಹೋಗಿ, ಸೋಮವಾರ ಬನ್ನಿ ಎಂದೆ.
ಬಿಡಲಿಲ್ಲ. ಜೇಬಿಗೆ ಸಿಗಿಸಿಕೊಂಡು
'ಸೋಮವಾರ ತರ್ತೀನಿ' ಅಂತ ಹೋದರು.

ಬಿಲ್ಲನ್ನು ಬಳೆಯ ಮೊಳೆಗೇ ಚುಚ್ಚಿದ್ದೇನೆ.
ದಕ್ಷಿಣಕ್ಕಿರುವುದು ಕೆಇಬಿ ಕಂಬ.
ನಾನು ಹೇಳಲಿಲ್ಲ.
ಅವರೇ ಬಂದು ನೋಡಿ ಬರೆಯಲಿ.