ಕುದುರಿ ಹೊಟ್ಟಿ ಕೆಳಗ

ಮಿರಜದ ನಮ್ಮ ಓಣ್ಯಾಗ
ಅಂಗಡಿ ಹೊರಗ ಮರಾಠಿ, ಒಳಗ ಉರ್ದು.
ಅರ ಹಿಡದು ಎಣಸೂ ಮುಂದ ಮಾತ್ರ ನನ್ನ ಬಾಯಾಗ
ಒಂದು, ಎರಡು, ಮೂರು, ಸಲಗರಿ ಕನ್ನಡ.
ಅಳತಿ ತಪ್ಪಬಾರದಲ್ಲ, ಅದಕ್ಕ.

ಈ ವರ್ಷ ಎಂಟು ತಿಂಗಳು
ನನ್ನ ಕೈಯಾಗ ಒಂದು ತಂಬೂರಿನೂ ಬಾಯಿ ಬಿಡಲಿಲ್ಲ.
ಎಲುವು ತಿಕ್ಕಿದೆ, ತಂತಿ ಏರಿಸಿದೆ, ಮೀಟಿದೆ.
ಖಾಲಿ ಡಬ್ಬಿ ಮ್ಯಾಲ ಬೆರಳು ಬಡದಂಗ.
ಕಣ್ಣು ತೋರಿಸಿದೆ. ಚಷ್ಮಾ ಬಂತು.
ಚಷ್ಮಾದಾಗ ಎಲುವಿನ ಕೂದಲ ಬಿರುಕೂ ಕಂಡಿತು,
ಜವಾರಿ ಕಾಣಲಿಲ್ಲ.
ಅದು ಕಾಣೂ ವಸ್ತು ಅಲ್ಲೋ ಕತ್ತಿ, ಅಂತ
ಇಲಾಹಿ ಉಸ್ತಾದ ಯಾವಾಗೋ ಬೈದಿದ್ದ.

ಊರಾಗ ಜವಾರಿ ಅಂದ್ರ ಬದನಿಕಾಯಿ, ಕೋಳಿ,
ಅಲ್ಲೇ ಹುಟ್ಟಿ ಅಲ್ಲೇ ಬೆಳದದ್ದು.
ಇಲ್ಲಿ ಅಂದ್ರ
ಕುದುರಿ ಬೆನ್ನಿನ ಇಳಿಜಾರಿನ್ಯಾಗ
ತಂತಿ ಹತ್ತೂದು, ಹತ್ತದ ಇರೂದು,
ಎರಡರ ನಡುವಿನ ಜಾಗ.
ಹೊಸ್ತಿಲ ಮ್ಯಾಲ ಕುಂಡ್ರಬ್ಯಾಡೋ ಅಂತಿದ್ಲು ಅವ್ವ.
ದನಿ ಮಾತ್ರ ಅಲ್ಲೇ ಕುಂಡ್ರಬೇಕು.

ಅಟ್ಟದ ಮ್ಯಾಲ ಹನ್ನೊಂದು ಬುರುಡಿ.
ತಿನ್ನಾಕ ಬಾರದ ಕಹಿ ಸೋರಿ.
ಬಳ್ಳಿ ಪೂರಾ ಸಾಯೂತನಕ ಹೊಲದಾಗ ಬಿಡತಾರ,
ಅವಸರಕ್ಕ ಕೊಯ್ದರ ಕೊಳೀತಾವ.
ದಿನಾ ಮುಂಜಾನೆ ಒಂದೊಂದನ್ನ ಬಡದು ಕೇಳತೇನಿ,
ಇನ್ನೂ ಹಸಿ, ಇನ್ನೂ ಹಸಿ ಅಂತಾವ.
ಗಂಗಾಯಿ ನಗತಾಳ,
"ಅವುಗಳ ಜೋಡಿ ಮಾತಾಡಿ ನೀವೂ ಬುರುಡಿ ಬಿಡಾಕ ಹತ್ತೀರಿ,
ನಾಳೆ ಆಗತೈತಿ, ನಾಡದ ಆಗತೈತಿ ಅಂತ."

ಮಳಿಯಾಗ ಅಥಣಿ ಕಡಿ ಹುಡುಗಿ ಬಂದ್ಲು, ನೀಲಾಂಬಿಕಾ,
ಕೌದ್ಯಾಗ ಸುತ್ತಿದ ತಂಬೂರಿ ಕೂಸಿನಂಗ ಹೊತ್ತು.
"ಅಜ್ಜೀದ್ರಿ. ಆರು ವರ್ಷ ಗ್ವಾಡಿಗೆ ನಿಂತಿತ್ತು.
ದನಿ ಹೋಗೈತಿ. ಹೊಸಾದಕ್ಕ ರೊಕ್ಕಿಲ್ಲ."
ಆಗೂದಿಲ್ಲ ಅನ್ನಬೇಕಂತ ಬಾಯಿ ತಗದೆ.
"ಇಟ್ಟು ಹೋಗವಾ" ಅಂದೆ.

ರಾತ್ರಿ ನಾಕೂ ತಂತಿ ಸಡಲಿಸಿ
ಕುದುರಿ ಎತ್ತಿ ಬೋರಲ ಹಾಕಿದೆ.
ಹೊಟ್ಟಿ ಕೆಳಗ ಪೆನ್ಸಿಲ್ಲಿನ ಬರಹ.
ಮೊದಲು ಉರ್ದುದಾಗ ಉಸ್ತಾದನ ಹೆಸರು, ಅರವತ್ಮೂರು.
ಆಮ್ಯಾಲ ಯಾವನೋ, ಬರೇ ಇಸ್ವಿ, ಎಪ್ಪತ್ತೊಂದು.
ಅದರ ಕೆಳಗ ಡೊಂಕ ಕನ್ನಡ:
ಮವನೇಶ. ಎಂಬತ್ತೊಂದು.

ಔತ್ವ ಬರತಿರಲಿಲ್ಲ ನನಗ ಆಗ.
ಎಲುವು ತಿಕ್ಕಾಕೂ ಬರತಿರಲಿಲ್ಲ.
ಹೆಚ್ಚಿಗಿ ತಿಕ್ಕಿ ಕೆಡಿಸಿ, ಮೂಲ್ಯಾಗ ಅಳಕೋತ ಕುಂತಿದ್ದೆ.
ಉಸ್ತಾದ ಕಸಗೊಂಡು, ಮಾತಿಲ್ಲದ ಸರಿ ಮಾಡಿ,
ಪೆನ್ಸಿಲ್ ನನ್ನ ಕೈಯಾಗ ಇಟ್ಟಿದ್ದ:
"ನಿಂದು ಬರಿ."

ಪ್ರತಿ ಸಲ ದನಿ ತೆರದಾಗ ಎಲುವು ಒಂದಿಷ್ಟು ಸವೀತೈತಿ.
ತಂತಿ ತೋಡಿದ ಗೀರು ಅಳಿಸಬೇಕಂದ್ರ
ಗೀರಿನಷ್ಟು ಆಳ ಎಲ್ಲಾನೂ ಇಳಿಸಬೇಕು.
ಈಗ ಉಳದದ್ದು ಜ್ವಾಳದ ಕಾಳಿನ ದಪ್ಪ.
ಇದೊಂದು ಸಲ. ಮತ್ತೊಂದು ಸಲ, ಪುಣ್ಯ ಇದ್ದರ.
ಹೊಟ್ಟಿ ಕೆಳಗ ಎರಡು ಹೆಸರಿನಷ್ಟು ಜಾಗ ಐತಿ.

ಅರ ಹಿಡದೆ. ಚಷ್ಮಾ ತಗದಿಟ್ಟೆ.
ಒಂದು, ಎರಡು, ಮೂರು.
ಟೇಶನ್ನಿನ್ಯಾಗ ಮಾಲಗಾಡಿ ಡಬ್ಬಿ ಡಬ್ಬಿಗೆ ಗುದ್ದಿ ನಿಂತವು.
ಬೆರಳಿಗೆ ಎಲುವಿನ ಹಿಟ್ಟು, ನೆತ್ತರ ಸ್ವಲ್ಪ.
ಕುದುರಿ ನಿಲ್ಲಿಸಿ ತಂತಿ ಏರಿಸಿದೆ.
ಜೀವದ ಎಳಿ ಡಬ್ಬ್ಯಾಗ ತೀರಿತ್ತು.
ಆಕಿ ಕೌದಿ ಅಂಚಿನಿಂದ ಒಂದು ನೂಲು ಕಿತ್ತು
ತಂತಿ ಕೆಳಗ ಸರಸಿದೆ. ಮೀಟಿದೆ.
ಇಲ್ಲ.
ಒಂದಿಷ್ಟು ಹಿಂದ. ಇಲ್ಲ.
ಮತ್ತ ಬಿಚ್ಚಿ, ಮತ್ತ ತಿಕ್ಕಿ, ಮತ್ತ ಏರಿಸಿ,
ಮೂರು ಹೊಡದಿರಬೇಕು,
ನೂಲು ಕೂದಲಿನಷ್ಟು ಮುಂದ

ಒಳಗಿಂದ ಗಂಗಾಯಿ ನಿದ್ದಿಗಣ್ಣಾಗ ಕೂಗಿದ್ಲು:
"ಯಾರು ಬಂದಾರ್ರಿ?"

ಯಾರೂ ಇಲ್ಲ, ಮಕ್ಕೋ.

ಮೂರು ತಂತಿ ಬಾಯಿ ಬಿಟ್ಟಾವ.
ನಾಕನೇದು, ಖರ್ಜದ್ದು, ಇನ್ನೂ ಮುನಿಸಿನ್ಯಾಗ ಐತಿ.
ನಾಳೆ ಅದನ್ನ ನೋಡತೇನಿ.
ಪೆನ್ಸಿಲ್ ಚೂಪ ಮಾಡಿ ಕಿವಿ ಮ್ಯಾಲ ಇಟಗೊಂಡೇನಿ.